ನಲ್ಲಿಗೆ ಕಾವೇರಿ, ಬೀದಿಗೆ ಒಳಚರಂಡಿ: ನಮ್ಮ ಮನೆಗೆ ಎರಡೂ ಬಂದ ಬಗೆ

ಬೆಂಗಳೂರಿನ ಅಂಚಿನಲ್ಲಿದ್ದ 110 ಹಳ್ಳಿಗಳು 2007ರಲ್ಲಿ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದವು. ಮಹದೇವಪುರ ಭಾಗದ ಅಂಥದೊಂದು ಹಳ್ಳಿಯಲ್ಲಿ ನಮ್ಮ ಮನೆಯಿದೆ. ನಗರದ ತೆರಿಗೆ ಕಟ್ಟಲು ಆರಂಭಿಸಿ ಎಷ್ಟೋ ವರ್ಷಗಳು ಕಳೆದ ಮೇಲೂ ನಮ್ಮ ಬೀದಿಯವರು ನೀರಿಗಾಗಿ ಬಡಾವಣೆಯ ಕೊಳವೆಬಾವಿಯನ್ನು, ಅದು ಸೊರಗಿದಾಗ ಟ್ಯಾಂಕರನ್ನು ನೆಚ್ಚಿಕೊಂಡಿದ್ದರು; ಶೌಚಾಲಯದ್ದೂ ಸೇರಿ ಬಳಸಿದ ನೀರನ್ನೆಲ್ಲ ಮನೆಯ ಮುಂದಿನ ಇಂಗುಗುಂಡಿಗೆ ಬಿಡುತ್ತಿದ್ದರು. ಕುಡಿಯಲು ತರುವ ನೀರಿಗೂ ಗುಂಡಿಗೆ ಇಳಿಯುವ ನೀರಿಗೂ ಇರುವ ಸಂಬಂಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಎರಡೂ ಸಂಪರ್ಕಗಳು ನಮ್ಮ ಮನೆಗೆ ಬಂದಿವೆ. ಅವನ್ನು ಪಡೆಯುವ ಹಾದಿಯಲ್ಲಿ ಕಂಡದ್ದನ್ನು, ಇನ್ನೂ ಅರ್ಜಿ ಹಾಕಬೇಕಾದವರಿಗೆ ಉಪಯೋಗವಾದೀತು ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ಮೊದಲ ನಾಲ್ಕು ಹಂತಗಳಿಂದ ನಗರಕ್ಕೆ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ನೀರು ಬರುತ್ತಿತ್ತು; ಹೊಸ ಹಂತ ಅದಕ್ಕೆ 775 ದಶಲಕ್ಷ ಲೀಟರ್ ಸೇರಿಸುವಂಥದ್ದು, ಅದೂ ಮುಖ್ಯವಾಗಿ ಈ 110 ಹಳ್ಳಿಗಳಿಗಾಗಿ. ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಪಂಪ್ ಆಗಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿ ನಮ್ಮ ನಲ್ಲಿಗೆ ತಲುಪುತ್ತದೆ. ನಮ್ಮ ಬೀದಿಯಲ್ಲಿ ಕೊಳವೆ ಹೂತು ಮುಚ್ಚಿದ ಮೇಲೆ ಅದರ ಮೇಲಿನ ಡಾಂಬರು ಹಳತಾಗುವಷ್ಟು ಕಾಲ ಆ ಕೊಳವೆ ಒಣಗಿಯೇ ಇತ್ತು. ಆದ್ದರಿಂದ ನೀರು ನಿಜವಾಗಿಯೂ ಬರುತ್ತದೆ ಎಂಬ ಸುದ್ದಿ ಬಂದಾಗ ಹಲವರು ನಂಬಲಿಲ್ಲ, ಅರ್ಜಿ ಹಾಕಲು ಮುಂದಾಗಲೂ ಇಲ್ಲ.

ನಂಬಿಕೆ ಬಾರದಿದ್ದವರಿಗೂ 2024ರ ಬೇಸಿಗೆ ಮಾತ್ರ ಚೆನ್ನಾಗಿ ನೆನಪಿತ್ತು. ಆ ಮಾರ್ಚ್‌ನಲ್ಲಿ ಟ್ಯಾಂಕರ್ ದರ ಕೈಮೀರಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ಮಿತಿಯೊಂದನ್ನು ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗಿನ ದೂರಕ್ಕೆ 12,000 ಲೀಟರಿಗೆ 1,000 ರೂಪಾಯಿ. ಅಷ್ಟೇ ನೀರನ್ನು ಜಲಮಂಡಳಿಯ ಆಗಿನ ಗೃಹಬಳಕೆ ದರದಲ್ಲಿ ಲೆಕ್ಕ ಹಾಕಿದರೆ, ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿಯಂತೆ 56, ಉಳಿದ 4,000 ಲೀಟರಿಗೆ ಸಾವಿರಕ್ಕೆ 11ರಂತೆ 44, ಒಟ್ಟು 100 ರೂಪಾಯಿ ಆಗುತ್ತದೆ. ಸರ್ಕಾರಿ ಮಿತಿಯ ದರಕ್ಕೆ ಟ್ಯಾಂಕರ್ ಸಿಕ್ಕರೂ ನಾವು ಹತ್ತು ಪಟ್ಟು ಕೊಡುತ್ತಿದ್ದೆವು ಎಂದಾಯಿತು. 2014ರಿಂದ ಇದ್ದ ಆ ದರ 2025ರ ಏಪ್ರಿಲ್‌ನಲ್ಲಿ ಏರಿತು. ಏರಿದ ಮೇಲೂ ಟ್ಯಾಂಕರಿಗೆ ಹೋಲಿಸಿದರೆ ಅದು ತೀರ ಕಡಿಮೆಯೇ. ಬೀದಿಯ ಸಭೆಯಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನೀರಿನ ಸಂಪರ್ಕದ ಬಗ್ಗೆ ಇದ್ದ ಹಿಂಜರಿಕೆ ಬಹುಮಟ್ಟಿಗೆ ಕರಗಿತು.

ಒಳಚರಂಡಿಯ ವಿಷಯದಲ್ಲಿ ಹಾಗಾಗಲಿಲ್ಲ. "ಗುಂಡಿ ಇದೆಯಲ್ಲ, ಇಷ್ಟು ವರ್ಷ ನಡೆದಿದೆ, ಸದ್ಯಕ್ಕೆ ನೀರು ಸಾಕು" ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಎರಡೂ ಸಂಪರ್ಕಗಳಿಗೆ ಒಟ್ಟಿಗೆ ಹಣ ಹೊಂದಿಸುವುದು ಕಷ್ಟವೆಂಬುದು ನಿಜವಾದ ಕಾರಣ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಟ್ಯಾಂಕರ್ ನೀರನ್ನು ಅಳೆದು ಸುರಿದು ಬಳಸುತ್ತಿದ್ದ ಮನೆಗೆ ನಲ್ಲಿ ಬಂದಾಗ ಬಳಕೆ ಏರುತ್ತದೆ. ನಗರಗಳ ನೀರು ಪೂರೈಕೆಗೆ ಕೇಂದ್ರ ಸರ್ಕಾರದ ಕೈಪಿಡಿ ಇಟ್ಟುಕೊಂಡಿರುವ ಪ್ರಮಾಣ ಒಬ್ಬರಿಗೆ ದಿನಕ್ಕೆ 135 ಲೀಟರ್. ಐವರ ಮನೆಗೆ ಅದು 675 ಲೀಟರ್ ಆಗುತ್ತದೆ. ಅದರಲ್ಲಿ ಶೇ 80ರಷ್ಟು, ಅಂದರೆ ಸುಮಾರು 540 ಲೀಟರ್, ಮತ್ತೆ ಮನೆಯಿಂದ ಹೊರಗೆ ಹರಿಯುತ್ತದೆ. ಮಿತವಾದ ಬಳಕೆಯ ಕಾಲದಲ್ಲಿ ತೋಡಿದ ಇಂಗುಗುಂಡಿ ಪ್ರತಿದಿನ ಇಷ್ಟನ್ನು ಕುಡಿಯಲಾರದು. ಗುಂಡಿ ತುಂಬಿ ಉಕ್ಕುತ್ತದೆ, ಇಲ್ಲವೇ ಸುತ್ತಲಿನ ಮಣ್ಣು ನೆನೆದು ಪಕ್ಕದ ಮನೆಯ ಸಂಪಿನ ಗೋಡೆಗೆ ತೇವ ಹತ್ತುತ್ತದೆ. ನೀರು ತರುವುದು ಮತ್ತು ಕೊಳಚೆ ಕಳುಹಿಸುವುದು ಒಂದೇ ಕೆಲಸದ ಎರಡು ತುದಿಗಳು. ಒಂದನ್ನು ಮಾಡಿ ಇನ್ನೊಂದನ್ನು ಮುಂದೂಡಿದರೆ ಕೆಲಸ ಕೆಡುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ನೀರಿನ ಪರೀಕ್ಷೆಯ ವರದಿ. ಬಡಾವಣೆಯ ಕೊಳವೆಬಾವಿಯ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಗಡಸುತನ ಹೆಚ್ಚಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಂಡೆಯ ತಳದ ಬಿಳಿ ಪದರವೇ ಅದನ್ನು ಹೇಳುತ್ತಿತ್ತು. ಗೊತ್ತಿಲ್ಲದಿದ್ದುದು ನೈಟ್ರೇಟ್. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಮ್ಮ ನೀರಿನಲ್ಲಿ ಅದು ಮೀರಿತ್ತು. ಬೇಸಾಯವಿಲ್ಲದ, ಮನೆಗಳೇ ತುಂಬಿದ ಜಾಗದಲ್ಲಿ ಅಂತರ್ಜಲಕ್ಕೆ ನೈಟ್ರೇಟ್ ಸೇರುವ ಮುಖ್ಯ ದಾರಿ ಮಲಗುಂಡಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸಬಲ್ಲದು. ಬೀದಿಯಲ್ಲಿ ಆಗ ಎರಡು ಮನೆಗಳಲ್ಲಿ ಎಳೆ ಮಕ್ಕಳಿದ್ದರು. ಆ ವರದಿಯನ್ನು ಓದಿದ ಅಜ್ಜಿಯೊಬ್ಬರು ತಮ್ಮ ಮಗನನ್ನು ಕರೆದು ಒಳಚರಂಡಿಗೂ ಅರ್ಜಿ ಹಾಕುವಂತೆ ಅಲ್ಲಿಯೇ ಹೇಳಿದರು. ಅವರ ಹಿಂದೆ ಉಳಿದವರೂ ಬಂದರು.

ಅರ್ಜಿಯ ಭಾಗ ಕಠಿಣವೇನಲ್ಲ. ಖಾತಾ ಪ್ರತಿ, ಆ ವರ್ಷದ ಆಸ್ತಿ ತೆರಿಗೆ ರಸೀದಿ, ಗುರುತಿನ ಚೀಟಿ, ಕಟ್ಟಡದ ಅಳತೆಯಿರುವ ನಕ್ಷೆ, ಮನೆಯ ಫೋಟೋ ಇವಿಷ್ಟನ್ನು ಹೊಂದಿಸಿಕೊಂಡು, ಪರವಾನಗಿ ಪಡೆದ ಪ್ಲಂಬರ್ ಮೂಲಕ ಸಲ್ಲಿಸಿದೆವು. ಸ್ಥಳ ಪರಿಶೀಲನೆಯ ನಂತರ ಬೇಡಿಕೆ ಪತ್ರ ಬರುತ್ತದೆ. ಕಟ್ಟಡದ ವಿಸ್ತೀರ್ಣದ ಮೇಲೆ ಲೆಕ್ಕ ಹಾಕುವ ಶುಲ್ಕ, ಮೀಟರಿನ ಬೆಲೆ, ಠೇವಣಿ, ರಸ್ತೆ ಅಗೆತದ ಶುಲ್ಕ ಎಲ್ಲವೂ ಅದರಲ್ಲಿ ಬೇರೆ ಬೇರೆಯಾಗಿ ಇರುತ್ತವೆ. ವಿಸ್ತೀರ್ಣವನ್ನು ಮಾತ್ರ ಸ್ವತಃ ಟೇಪು ಹಿಡಿದು ಅಳೆದು, ಬೇಡಿಕೆ ಪತ್ರದಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಉಳಿದ ಬಹುಪಾಲು ಲೆಕ್ಕ ಅದರ ಮೇಲೆಯೇ ನಿಂತಿದೆ. 2025ರಲ್ಲಿ ಜಲಮಂಡಳಿ ಸಂಪರ್ಕ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು 'ಸರಳ ಕಾವೇರಿ' ಎಂಬ ಹೆಸರಿನಲ್ಲಿ ಅವಕಾಶ ಮಾಡಿಕೊಟ್ಟಿತು. ನಮ್ಮಂಥ ಬೀದಿಗಳಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇರಲಿಲ್ಲ.

ತಡವಾಗಿ ಅರ್ಜಿ ಹಾಕಿದವರಿಗೆ ಇನ್ನೊಂದು ತೊಡಕು ಎದುರಾಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ, ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಮುಂತಾದ ಸಂಪರ್ಕ ಕೊಡಬಾರದೆಂದು ಹೇಳಿತ್ತು. ಸಣ್ಣ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರಲ್ಲಿ ಆ ಪತ್ರ ಪಡೆದವರು ಬಹಳ ಕಡಿಮೆ. 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿ ಕೊಟ್ಟ ನಂತರವೇ ನಮ್ಮ ಬೀದಿಯ ಕೆಲವರ ಆತಂಕ ಕಡಿಮೆಯಾಯಿತು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಕಚೇರಿಯಲ್ಲಲ್ಲ, ರಸ್ತೆ ಅಗೆಯುವ ದಿನ. ಕೆಲಸಕ್ಕೆ ಬಂದ ಗುತ್ತಿಗೆದಾರ ಒಂದೇ ಕಾಲುವೆ ತೋಡಿ ಅದರ ತಳದಲ್ಲಿಯೇ ನೀರಿನ ಕೊಳವೆಯನ್ನೂ ಕೊಳಚೆಯ ಕೊಳವೆಯನ್ನೂ ಅಕ್ಕಪಕ್ಕ ಮಲಗಿಸಲು ಹೊರಟಿದ್ದ. ಎರಡು ಕಡೆ ಅಗೆಯುವ ಖರ್ಚು ಉಳಿಯುತ್ತದೆ ಎಂಬುದು ಅವನ ವಾದ. ನಾನು ಒಪ್ಪಲಿಲ್ಲ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ; ದಿನ ಬಿಟ್ಟು ದಿನ, ಕೆಲವು ಗಂಟೆ ಬರುತ್ತದೆ. ಪೂರೈಕೆ ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿಯುತ್ತದೆ, ತಗ್ಗಿನ ಮನೆಯವರು ನಲ್ಲಿ ತೆರೆದರೆ ಎತ್ತರದ ಭಾಗದಲ್ಲಿ ಹೀರುವಿಕೆಯೂ ಉಂಟಾಗುತ್ತದೆ. ಆ ಹೊತ್ತಿನಲ್ಲಿ ಕೊಳವೆಯ ಜೋಡಣೆಯಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ತೇವ ಒಳಕ್ಕೆ ಸೇರುತ್ತದೆ. ಪಕ್ಕದಲ್ಲಿ ಕೊಳಚೆಯ ಕೊಳವೆ ಸೋರುತ್ತಿದ್ದರೆ ಒಳಕ್ಕೆ ಸೇರುವುದು ಅದೇ. ನಗರದಲ್ಲಿ ಆಗಾಗ ಕೇಳಿಬರುವ ವಾಂತಿಭೇದಿ ಪ್ರಕರಣಗಳ ಹಿಂದೆ ಈ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಎರಡು ಕೊಳವೆಗಳ ನಡುವೆ ಹತ್ತು ಅಡಿ ಅಂತರವಿರಬೇಕೆಂಬುದು ನಿಯಮ. ನಮ್ಮ ಇಕ್ಕಟ್ಟಾದ ಬೀದಿಯಲ್ಲಿ ಅಷ್ಟು ಜಾಗವಿರಲಿಲ್ಲ. ಕೊನೆಗೆ ಸ್ಥಳಕ್ಕೆ ಬಂದ ಎಂಜಿನಿಯರ್ ಸೂಚಿಸಿದಂತೆ ಕೊಳಚೆಯ ಕೊಳವೆಯನ್ನು ಆಳದಲ್ಲಿ ಮಲಗಿಸಿ, ಕಾಲುವೆಯ ಇನ್ನೊಂದು ಬದಿಯ ಗಟ್ಟಿ ಮಣ್ಣಿನಲ್ಲಿ ಮೆಟ್ಟಿಲಿನಂತೆ ಅಂಚು ಕಡಿದು, ಒಂದೂವರೆ ಅಡಿಗಿಂತ ಹೆಚ್ಚು ಎತ್ತರದಲ್ಲಿ ನೀರಿನ ಕೊಳವೆಯನ್ನು ಕೂರಿಸಲಾಯಿತು. ಮಣ್ಣು ಮುಚ್ಚುವ ಮೊದಲು ಪ್ರತಿಯೊಬ್ಬ ಮನೆಯವರೂ ತಮ್ಮ ಭಾಗದ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ಮುಂದೆ ಎಲ್ಲಿ ಅಗೆಯಬೇಕೆಂಬ ಪ್ರಶ್ನೆ ಬಂದಾಗ ಅದೇ ದಾಖಲೆ.

ಕೊಳಚೆ ಕೊಳವೆಯ ಇಳಿಜಾರನ್ನೂ ಮನೆಯವರೇ ನಿಂತು ನೋಡಬೇಕು. ಆರು ಇಂಚಿನ ಕೊಳವೆಗೆ ಅರವತ್ತು ಅಡಿ ಉದ್ದಕ್ಕೆ ಒಂದು ಅಡಿ ಇಳಿತ ಎಂಬುದು ಪ್ಲಂಬರುಗಳು ಪಾಲಿಸುವ ಲೆಕ್ಕ. ಇಳಿಜಾರು ಕಡಿಮೆಯಾದರೆ ಮಲ ತಂಗುತ್ತದೆ, ಅತಿಯಾದರೆ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಗೇಟಿನ ಒಳಗೆ ಪರಿಶೀಲನಾ ಚೇಂಬರ್ ಕಟ್ಟಿಸಿ, ಅಡುಗೆಮನೆಯ ನೀರಿಗೆ ಬೇರೆ ಗಲ್ಲಿ ಟ್ರ್ಯಾಪ್ (ಕೊಳವೆಯ ವಾಸನೆ ಹಿಂದೆ ಬರದಂತೆ ನೀರು ನಿಲ್ಲಿಸಿ ತಡೆಯುವ ಬಾಗು) ಇಡಿಸಿದೆವು. ರಸ್ತೆಗಿಂತ ತಗ್ಗಿನಲ್ಲಿರುವ ಮನೆಗಳವರು ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ಹಾಕಿಸಿದರು. ಅದರ ಅಗತ್ಯ ಮೊದಲ ಮುಂಗಾರಿನಲ್ಲಿಯೇ ತಿಳಿಯಿತು.

ನೀರು ಬಂದ ಮೊದಲ ದಿನ ಅದು ಕೆಂಪಗಿತ್ತು. ಬಹುಕಾಲ ಒಣಗಿದ್ದ ಕೊಳವೆಯೊಳಗಿನ ಮಣ್ಣು ತೊಳೆದುಹೋಗುವವರೆಗೆ ಸಂಪಿಗೆ ಬಿಡದೆ ಹೊರಗೆ ಹರಿಸಿದೆವು. ತಿಳಿಯಾದ ಮೇಲೆ ವಾಲ್ವ್‌ಮನ್ ತಂದಿದ್ದ ಸಣ್ಣ ಪೆಟ್ಟಿಗೆಯಿಂದ ಕ್ಲೋರಿನ್ ಪರೀಕ್ಷೆ ಮಾಡಿ ತೋರಿಸಿದರು. ಗಾಜಿನ ನಳಿಕೆಗೆ ಎರಡು ಹನಿ ದ್ರಾವಣ ಹಾಕಿದಾಗ ನೀರು ತೆಳು ಹಳದಿಗೆ ತಿರುಗಿತು. ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಳದಿ ಬಾರದೆ ನೀರು ಹಾಗೆಯೇ ಉಳಿದರೆ ದಾರಿಯಲ್ಲಿ ಏನೋ ಬೆರೆತು ಕ್ಲೋರಿನನ್ನು ತಿಂದಿದೆ ಎಂದು ಅನುಮಾನಿಸಬೇಕು. ಆ ಪರೀಕ್ಷೆಯ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಳ್ಳಬಹುದು, ಬೆಲೆಯೂ ಕಡಿಮೆ. ನಮ್ಮ ಬೀದಿಗೆ ಒಂದು ತಂದಿಟ್ಟಿದ್ದೇವೆ. ಪ್ರೌಢಶಾಲೆಯ ಮಕ್ಕಳು ವಾರಕ್ಕೊಮ್ಮೆ ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಸಂಪನ್ನು ಪೂರ್ತಿ ಖಾಲಿ ಮಾಡಿಸಿ ತೊಳೆಸಿದ ಮೇಲೆಯೇ ಕಾವೇರಿ ನೀರನ್ನು ತುಂಬಿಸಿದೆವು, ಕೊಳವೆಬಾವಿಯ ನೀರಿಗೆ ಬೇರೆ ತೊಟ್ಟಿ ಮಾಡಿ ಗಿಡಗಳಿಗೂ ನೆಲ ತೊಳೆಯಲೂ ಇಟ್ಟುಕೊಂಡೆವು.

ನೀರು ಬರತೊಡಗಿದ ಮೇಲೆ ಸೇವಾ ಪ್ರಕಟಣೆಗಳನ್ನು ಓದುವ ಅಭ್ಯಾಸ ಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ನಿರ್ವಹಣೆಯ ಕೆಲಸಕ್ಕಾಗಿ ಕಾವೇರಿ ನೀರೆತ್ತುವ ಯಂತ್ರಗಳನ್ನು ನಿಲ್ಲಿಸುವುದಾಗಿ ಜಲಮಂಡಳಿ ಮೊದಲೇ ತಿಳಿಸಿತ್ತು. ಪಂಪು ಮತ್ತೆ ಶುರುವಾದ ಗಂಟೆಗೇ ನಲ್ಲಿಗೆ ನೀರು ಬರುವುದಿಲ್ಲ. ನೂರು ಕಿಲೋಮೀಟರಿನ ಕೊಳವೆ ತುಂಬಬೇಕು, ಆಮೇಲೆ ನಮ್ಮ ಭಾಗದ ನೆಲಮಟ್ಟದ ಜಲಾಗಾರ ತುಂಬಬೇಕು, ಆಮೇಲೆ ಸರದಿಯ ಪ್ರಕಾರ ಬೀದಿಗಳಿಗೆ ಬಿಡಬೇಕು. ತಮ್ಮ ಬೀದಿ ಯಾವ ಜಲಾಗಾರಕ್ಕೆ ಸೇರಿದ್ದು, ಯಾವ ಉಪವಿಭಾಗದ ಕೆಳಗೆ ಬರುತ್ತದೆ ಎಂಬುದನ್ನು ತಿಳಿದುಕೊಂಡವರಿಗೆ ಪ್ರಕಟಣೆಯ ಸಾಲುಗಳು ತಮ್ಮ ಮನೆಗೆ ಸಂಬಂಧಿಸಿದ್ದೋ ಅಲ್ಲವೋ ಎಂದು ಕೂಡಲೇ ಗೊತ್ತಾಗುತ್ತದೆ. ನಮ್ಮ ಬೀದಿಯಲ್ಲಿ ಓದಲು ಬಾರದ ಹಿರಿಯರಿದ್ದಾರೆ, ಮೊಬೈಲ್ ಇಲ್ಲದ ಮನೆಗೆಲಸದವರಿದ್ದಾರೆ. ಅವರಿಗೆ ಬಾಯಿಮಾತಿನಲ್ಲಿ ಮುಟ್ಟಿಸುವ ಹೊಣೆಯನ್ನು ಮೂಲೆಯ ದಿನಸಿ ಅಂಗಡಿಯವರು ಸಂತೋಷದಿಂದ ಹೊತ್ತುಕೊಂಡರು. ದೂರು ಇದ್ದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಬಿಲ್ಲಿನಲ್ಲಿರುವ ಸಂಪರ್ಕದ ಗುರುತು ಸಂಖ್ಯೆಯಾದ ಆರ್‌ಆರ್ ಸಂಖ್ಯೆ ಹೇಳಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಜಲಮಂಡಳಿಯವರು ದೂರು ಕೇಳುವ ಅದಾಲತ್ತಿಗೆ ಹೋಗುವ ಸಂದರ್ಭ ಬಂದರೆ ಆ ಸಂಖ್ಯೆಯೇ ಆಧಾರ.

ಮುಂಗಾರು ಬಂತು. ಒಂದು ರಾತ್ರಿಯ ಜೋರು ಮಳೆಗೆ ಬೀದಿಯ ತಗ್ಗಿನ ತುದಿಯ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೆ ಹರಿಯಿತು. ಹೊಸ ಕೊಳವೆ ಕಟ್ಟಿಕೊಂಡಿದೆ ಎಂದು ಎಲ್ಲರೂ ಭಾವಿಸಿದರು. ಒತ್ತಡದ ನೀರಿನಿಂದ ಕೊಳವೆ ತೆರವುಗೊಳಿಸುವ ಜೆಟ್ಟಿಂಗ್ ಯಂತ್ರದವರು ಬಂದು ನೋಡಿದಾಗ ಕೊಳವೆ ತೆರವಾಗಿಯೇ ಇತ್ತು. ಕಾರಣ ಬೇರೆಯೇ ಇತ್ತು. ಹಲವು ಮನೆಗಳ ತಾರಸಿಯ ಮಳೆನೀರಿನ ಕೊಳವೆಗಳು ಹಿಂದೆ ಇಂಗುಗುಂಡಿಗೆ ಸೇರಿದ್ದವು. ಗುಂಡಿಯ ಬದಲು ಒಳಚರಂಡಿ ಬಂದಾಗ ಅವೂ ಹಾಗೆಯೇ ಅದಕ್ಕೆ ಜೋಡಣೆಯಾಗಿದ್ದವು. ಕೊಳಚೆಯ ಕೊಳವೆಯನ್ನು ಮನೆಬಳಕೆಯ ನೀರಿಗೆ ಅಳೆದು ಹಾಕಿರುತ್ತಾರೆ. 1,200 ಚದರ ಅಡಿಯ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 25 ಮಿಲಿಮೀಟರ್ ಮಳೆ ಸುರಿದರೆ ಸುಮಾರು 2,800 ಲೀಟರ್ ನೀರು ಇಳಿಯುತ್ತದೆ. ಅದು ಐವರ ಮನೆಯಿಂದ ಐದು ದಿನ ಹೊರಬೀಳುವ ಕೊಳಚೆಗಿಂತ ಹೆಚ್ಚು. ಅಷ್ಟು ನೀರು ಒಂದೇ ಗಂಟೆಯಲ್ಲಿ ಹತ್ತಾರು ಮನೆಗಳಿಂದ ನುಗ್ಗಿದರೆ ಕೊಳವೆ ತಾಳುವುದಿಲ್ಲ, ತಗ್ಗಿನ ಮನೆಗಳ ಶೌಚಾಲಯದಿಂದಲೇ ಕೊಳಚೆ ಮೇಲೆ ಬರುತ್ತದೆ.

ಮನೆಮನೆಗೆ ಹೋಗಿ ತಾರಸಿಯ ಕೊಳವೆಗಳನ್ನು ಬೇರೆ ಮಾಡಿಸುವ ಕೆಲಸ ನಿಧಾನವಾಗಿ ನಡೆಯಿತು. ಎತ್ತರದ ಭಾಗದ ಮನೆಗಳವರಿಗೆ ತೊಂದರೆ ಕಾಣುತ್ತಿರಲಿಲ್ಲವಾದ್ದರಿಂದ ಅವರನ್ನು ಒಪ್ಪಿಸುವುದೇ ಕಷ್ಟವಾಯಿತು. ತಗ್ಗಿನ ಮನೆಯೊಂದರ ಸ್ನಾನದ ಕೋಣೆಯ ಸ್ಥಿತಿಯನ್ನು ಅವರೇ ಬಂದು ನೋಡುವಂತೆ ಕೇಳಿಕೊಂಡೆವು, ನೋಡಿದವರು ಮರುಮಾತಾಡಲಿಲ್ಲ. ಮಳೆನೀರು ಸಂಗ್ರಹವನ್ನು 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಕಾನೂನೇ ಕಡ್ಡಾಯ ಮಾಡಿದೆ. 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಅದು ಅನ್ವಯಿಸುತ್ತದೆ. ನಾವು ಕೆಲವರು ಜಯನಗರ ಐದನೇ ಬ್ಲಾಕಿನ ಮಳೆನೀರು ಸಂಗ್ರಹ ಥೀಮ್ ಪಾರ್ಕಿಗೆ ಹೋಗಿ, ಅಲ್ಲಿ ಇಟ್ಟಿರುವ ಶೋಧಕಗಳನ್ನು ನೋಡಿ, ಅದರಂತೆ ಮಾಡಿಸಿದೆವು. ಈಗ ತಾರಸಿಯ ನೀರು ಶೋಧಕದ ಮೂಲಕ ತೊಟ್ಟಿಗೆ, ಹೆಚ್ಚಾದದ್ದು ಕೊಳವೆಬಾವಿಯ ಸುತ್ತಲಿನ ಮರುಪೂರಣ ಗುಂಡಿಗೆ ಹೋಗುತ್ತದೆ. ಅದರ ನಂತರದ ಮಳೆಗಳಲ್ಲಿ ಆ ಮ್ಯಾನ್‌ಹೋಲ್ ಉಕ್ಕಿಲ್ಲ.

ಹಳೆಯ ಇಂಗುಗುಂಡಿಯನ್ನು ಮುಚ್ಚುವ ಕೆಲಸದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಡಿ ಖಾಲಿ ಮಾಡಲು ಬಂದವರಲ್ಲಿ ಒಬ್ಬರು, ಯಂತ್ರದ ಕೊಳವೆಗೆ ತಳದ ಕೆಸರು ಬರುವುದಿಲ್ಲ, ಆಳು ಇಳಿದರೆ ಬೇಗ ಮುಗಿಯುತ್ತದೆ ಎಂದರು. ಬೀದಿಯವರೆಲ್ಲ ಒಟ್ಟಾಗಿ ಬೇಡವೆಂದೆವು. ಮಲಗುಂಡಿಗೆ, ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಕಾನೂನು ಇಲ್ಲದಿದ್ದರೂ ನಮ್ಮ ಮನೆಯ ಹೊಲಸಿಗಾಗಿ ಇನ್ನೊಬ್ಬರ ಮಗ ವಿಷಗಾಳಿ ಕುಡಿಯುವುದನ್ನು ನಾವು ನಿಂತು ನೋಡಲಾರೆವು. ಗುಂಡಿಗೆ ನೀರು ಬಿಟ್ಟು ಕೆಸರನ್ನು ಕದಡಿ, ಯಂತ್ರದಿಂದ ಮತ್ತೆ ಮತ್ತೆ ಹೀರಿಸಿದಾಗ ತಳವೂ ಬಂತು. ಖರ್ಚು ಹೆಚ್ಚಾಯಿತು, ಸಮಯವೂ ಹಿಡಿಯಿತು. ಆಮೇಲೆ ಸುಣ್ಣ ಹಾಕಿ, ಕಲ್ಲು ಮಣ್ಣು ತುಂಬಿ ಮುಚ್ಚಿದೆವು.

ಬೀದಿಯಿಂದ ಹೊರಟ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ ತಿಳಿದುಕೊಂಡೆವು. ವರ್ತೂರು, ಬೆಳ್ಳಂದೂರು ಕೆರೆಗಳಲ್ಲಿ ನೊರೆ ಎದ್ದದ್ದನ್ನು, ಬೆಂಕಿ ಹೊತ್ತಿದ್ದನ್ನು ಹತ್ತಿರದಿಂದ ಕಂಡವರು ನಾವು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ನಮ್ಮ ಬೀದಿಯಲ್ಲಿ ಕೋಲಾರದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳೂ ಇವೆ. ಸಂಸ್ಕರಣೆ ಸರಿಯಾಗಿ ನಡೆಯಬೇಕೆಂದು ಕೇಳುವ ಹಕ್ಕು ಸಂಸ್ಕರಣೆಯ ಶುಲ್ಕ ಕಟ್ಟುವ ನಮಗೂ ಇದೆ, ಆ ನೀರನ್ನು ಪಡೆಯುವ ಅವರ ಊರಿನವರಿಗೂ ಇದೆ.

ಈಗ ತಿಂಗಳ ಬಿಲ್ಲಿನಲ್ಲಿ ನೀರಿನ ಶುಲ್ಕದ ಕೆಳಗೆ ನೈರ್ಮಲ್ಯ ಶುಲ್ಕ ಬೇರೆ ಸಾಲಿನಲ್ಲಿ ಬರುತ್ತದೆ. ಮೀಟರಿನ ಅಂಕಿಯನ್ನು ನೀರು ಬರುವ ಮೊದಲು ಮತ್ತು ನಿಂತ ಮೇಲೆ ಬರೆದುಕೊಂಡರೆ ಸೋರಿಕೆ ಇದ್ದರೆ ಬೇಗ ತಿಳಿಯುತ್ತದೆ. ನೀರಿಗಿಂತ ಮುಂದೆ ಬರುವ ಗಾಳಿಗೆ ಮೀಟರ್ ತಿರುಗುತ್ತಿದೆಯೆಂಬ ಅನುಮಾನವಿದ್ದವರು ಅದನ್ನೇ ದಾಖಲೆಯಾಗಿಟ್ಟುಕೊಂಡು ಪರೀಕ್ಷೆಗೆ ಕೇಳಬಹುದು. ನಮ್ಮ ಹಿಂದಿನ ಅಡ್ಡರಸ್ತೆಗೆ ನೀರು ಬಂದಿದೆ, ಒಳಚರಂಡಿಯ ಮುಖ್ಯ ಕೊಳವೆ ಇನ್ನೂ ತಲುಪಿಲ್ಲ. ಅಲ್ಲಿನವರ ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿದ್ದೇವೆ. ವರದಿ ಕೈಸೇರಿದ ಮೇಲೆ ಅದನ್ನು ಲಗತ್ತಿಸಿ ಮುಂದಿನ ಅದಾಲತ್ತಿನಲ್ಲಿ ಅವರ ಅರ್ಜಿಯನ್ನು ಸಲ್ಲಿಸಲಿದ್ದೇವೆ.